ಫೀಸು ಬೇಡ ಎಂದಿದ್ದ ಮೇಷ್ಟ್ರು

ತೆಲಿಗಿಯ ಶಾಲೆಗೆ ನಾನು ಟೀಚರಾಗಿ ಸೇರಿ ಎರಡನೇ ವರ್ಷ. ಹರಪನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನನ್ನನ್ನು ಸೋದರಮಾವನ ಮಗನಿಗೆ ಕೊಡುವುದೆಂದು ಮನೆಯಲ್ಲಿ ಮಾತಾದ ಮೇಲೆ ನನಗೆ ಏನೇನೋ ಆಗತೊಡಗಿತು. ಬೋರ್ಡಿನ ಮೇಲೆ ಬರೆಯುವಾಗ ಕೈ ನಡುಗುತ್ತಿತ್ತು. ಬಸ್ಸಿನಲ್ಲಿ ಎದೆ ಹೊಡೆದುಕೊಂಡು ಎಷ್ಟೋ ಸಲ ಅರ್ಧ ದಾರಿಗೇ ಇಳಿದುಬಿಟ್ಟಿದ್ದೇನೆ. ಊರಿನ ಡಾಕ್ಟರು ರಕ್ತ ಕಮ್ಮಿ ಎಂದು ಟಾನಿಕ್ ಬರೆದರು. ಎರಡು ಬಾಟಲಿ ಮುಗಿದ ಮೇಲೆ ಅವರೇ, “ಇದು ಮನಸ್ಸಿಂದಮ್ಮ, ದಾವಣಗೆರಿಗೆ ಹೋಗಿ ತೋರಿಸು” ಎಂದರು.

ಹೋದೆ. ಅಲ್ಲಿನ ಮನೋವೈದ್ಯರು ವಾರಕ್ಕೊಮ್ಮೆ ಬಂದು ಮಾತಾಡಬೇಕು ಎಂದರು. ಸಂಬಳವನ್ನೆಲ್ಲ ಅಪ್ಪನ ಕೈಗೆ ಕೊಡುತ್ತಿದ್ದ ನನಗೆ ಆ ಫೀಸು ಆಗುವ ಮಾತಾಗಿರಲಿಲ್ಲ.

ಹಡಗಲಿಯಲ್ಲಿದ್ದ ಅಕ್ಕನ ಹತ್ತಿರ ಹೇಳಿಕೊಂಡು ಅತ್ತುಬಿಟ್ಟೆ. ಅವಳ ಗಂಡನ ಮನೆಯವರದು ಹೂವಿನ ವ್ಯಾಪಾರ. “ಅಳಬ್ಯಾಡಲೇ, ನಮ್ಮ ಓಣ್ಯಾಗ ಒಬ್ರು ಮೇಷ್ಟ್ರು ಅದಾರ. ಕಾಲೇಜಿನ್ಯಾಗ ಮನಶ್ಶಾಸ್ತ್ರ ಕಲಿಸಿ ರಿಟೈರ್ ಆಗ್ಯಾರ. ಮಂದಿ ಕಷ್ಟ ಕೇಳ್ತಾರ, ಫೀಸು ತಗಳಲ್ಲ” ಎಂದಳು.

ನಾಲ್ಕು ಭಾನುವಾರ ಅಕ್ಕನ ಮನೆಗೆಂದು ಹೇಳಿ ಹೋದೆ. ಮೇಷ್ಟ್ರು ಮುಂಬಾಗಿಲಿನ ಕೋಣೆಯಲ್ಲಿ ಕುರ್ಚಿ ಹಾಕಿ ಕೂರಿಸುತ್ತಿದ್ದರು. “ಇಲ್ಲಿ ಆಡಿದ್ದು ಇಲ್ಲೇ ಇರತೈತಮ್ಮ” ಎಂದಿದ್ದರು. ಮೂರನೇ ವಾರ ನಾನು ಯಾರಿಗೂ ಹೇಳದ್ದನ್ನು ಹೇಳಿದೆ. ಮಾವನ ಮನೆ ನೆನೆದರೆ ಉಸಿರು ಕಟ್ಟುತ್ತದೆ, ಆ ಹುಡುಗ ಒಳ್ಳೆಯವನೇ, ಆದರೂ ನನಗೆ ಅವನು ಬೇಡ, ಅಪ್ಪ ಸತ್ತುಹೋದರೆ ಈ ಮದುವೆ ತಪ್ಪುತ್ತದಲ್ಲ ಎಂದು ಒಂದು ದಿನ ಯೋಚಿಸಿದ್ದೆ, ಹಾಗೆ ಯೋಚಿಸಿದ್ದಕ್ಕೇ ನನಗೆ ನನ್ನ ಮೇಲೆ ಹೇಸಿಗೆ. ಮೇಷ್ಟ್ರು ತಲೆಯಾಡಿಸುತ್ತಾ ಕೇಳಿದರು. ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ನಿದ್ದೆ ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಿದ್ದೆ.

“ಹಗುರಾತೇನು?” ಎಂದಷ್ಟೇ ಅಕ್ಕ ಪ್ರತಿ ಸಲ ಕೇಳುತ್ತಿದ್ದಳು. ಏನು ಹೇಳಿದೆ ಎಂದು ಒಮ್ಮೆಯೂ ಕೇಳಲಿಲ್ಲ. ನನ್ನನ್ನು ಎಷ್ಟು ಅರ್ಥ ಮಾಡಿಕೊಂಡಿದ್ದಾಳೆ ಎಂದುಕೊಂಡಿದ್ದೆ.

ನಾಲ್ಕನೇ ಭಾನುವಾರ ಕಳೆದ ಮೇಲೆ, ಬುಧವಾರ ಸಂಜೆ ಶಾಲೆಯಿಂದ ಬಂದಾಗ ಅಪ್ಪ ಪಡಸಾಲೆಯಲ್ಲಿ ಕೂತಿದ್ದರು. ನನ್ನ ಕಡೆ ನೋಡದೆ ಹೇಳಿದರು:

“ನಾ ಸತ್ರ ನಿನ್ನ ಮದುವಿ ತಪ್ಪತೈತಂತಲ್ಲ. ಇನ್ನೊಂದೀಟು ದಿನ ತಡಕೋ.”

ಕೈಯಲ್ಲಿದ್ದ ಚೀಲ ಅಲ್ಲೇ ಬಿಟ್ಟೆ. ಅಪ್ಪನ ಕಣ್ಣು ಕೆಂಪಾಗಿದ್ದವು. ಅದು ನನ್ನದೇ ಮಾತು.

ಮರುದಿನ ರಜೆ ಹಾಕಿ ಹಡಗಲಿಗೆ ಹೋದೆ. ಮೇಷ್ಟ್ರು ಪೇಪರು ಓದುತ್ತಿದ್ದರು. “ಯಾಕ ಹೇಳಿದ್ರಿ ಸರ್?” ಎಂದೆ.

“ಪ್ರತಿ ವಾರ ನಿಮ್ಮಕ್ಕ ಬಂದು ಕೇಳ್ತಿದ್ಲು. ಮನಿಯವ್ರಿಗೆ ಹೇಳಲಾರದ ಇರಾಕ ಆಗತೈತೇನಮ್ಮ? ನೀನೇನು ಫೀಸು ಕೊಟ್ಟು ಬಂದಾಕಿ ಅಲ್ಲ.”

ಅಕ್ಕ ಹೂ ಕಟ್ಟುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. “ನಿನ್ನ ಒಳ್ಳೇದಕ್ಕ ಅಪ್ಪಗ ಹೇಳೀನಿ. ಮಾವನವ್ರ ಮುಂದ ನಮ್ಮ ಮರ್ಯಾದಿ ಹೋಗಬಾರದು” ಎಂದಳು. ನಾನು ನೀರೂ ಕುಡಿಯದೆ ಹೊರಟೆ.

ಮದುವೆಯ ಮಾತು ಮುರಿಯಿತು. ಅಪ್ಪನೇ ಮಾವನಿಗೆ ಬೇಡವೆಂದು ಹೇಳಿ ಕಳಿಸಿದರು. ಆದರೆ ವರ್ಷದ ತನಕ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಮಾತಾಡಿದರೂ ಮೊದಲಿನ ಸಲಿಗೆ ಬರಲಿಲ್ಲ.

ಕೈ ನಡುಗುವುದು ಮಾತ್ರ ನಿಂತಿರಲಿಲ್ಲ. ಎರಡು ವರ್ಷದ ಮೇಲೆ ಸಹೋದ್ಯೋಗಿಯೊಬ್ಬರ ಮಾತು ಕೇಳಿ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಚೀಟಿ ಮಾಡಿಸಿದೆ. ವಯಸ್ಸಿನಲ್ಲಿ ನನಗಿಂತ ತುಸು ದೊಡ್ಡವರಾದ ಡಾಕ್ಟರಮ್ಮ ಬಾಗಿಲು ಹಾಕಿ, “ಹೇಳ್ರಿ” ಎಂದರು.

“ನಿದ್ದಿ ಬರಲ್ಲರಿ” ಎಂದೆ.

“ಮತ್ತೇನಾಗತೈತಿ?”

“ಅಷ್ಟೇರಿ.”

ಅವರು ಮಾತ್ರೆ ಕೊಟ್ಟರು, ನಿದ್ದೆ ಬಂತು, ಕ್ರಮೇಣ ಕೈ ನಡುಗುವುದೂ ನಿಂತಿತು. ಅವರ ಹತ್ತಿರ ಒಂದು ವರ್ಷ ಹೋದೆ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಅಪ್ಪನ ವಿಷಯ ಬಂದಾಗ ಮಾತ್ರ, ಚೆನ್ನಾಗಿದ್ದಾರೆ ಎನ್ನುತ್ತಿದ್ದೆ.