ಬದುಕಿದ್ದವನ ಪಾಪ ಎಣಿಸಿದ ದಿನ

ಕಟ್ಟಬೆಟ್ಟಿನ ಟೀ ಎಲೆ ಶೆಡ್ಡಿನಲ್ಲಿ ತೂಕ ಹಾಕುವ ಮಣಿಗೆ ತನ್ನ ಬಗ್ಗೆ ಎರಡು ಹೆಮ್ಮೆಗಳಿದ್ದವು. ಒದ್ದೆ ಎಲೆಯನ್ನು ಬರೀ ಕೈಯಲ್ಲಿ ಹಿಡಿದು ನೀರೆಷ್ಟು, ಎಲೆಯೆಷ್ಟು ಎಂದು ಹೇಳಿ ತೂಕದಲ್ಲಿ ನೀರು ಕಳೆಯಬಲ್ಲೆ ಎಂಬುದು ಒಂದು. ಅದು ಸುಳ್ಳೆಂದು ಹಟ್ಟಿಯ ಹೆಂಗಸರಿಗೆಲ್ಲ ಗೊತ್ತಿತ್ತು. ತಾನು ಮಾತು ಬಲ್ಲವನು ಎಂಬುದು ಇನ್ನೊಂದು. ಅದು ಸುಳ್ಳೆಂದು ಅವನಿಗೇ ಗೊತ್ತಾಗಲು 2001ರ ಒಂದು ಭಾನುವಾರ ಬೇಕಾಯಿತು.

ಆ ವರ್ಷ ಊಟಿಯ ಒಂದು ಆಸ್ಪತ್ರೆಯವರು ಮನಶ್ಶಾಸ್ತ್ರ ಓದಿದ ಹುಡುಗ ಹುಡುಗಿಯರನ್ನು ತರಬೇತಿಗೆಂದು ಬೆಟ್ಟದ ಹಟ್ಟಿಗಳಿಗೆ ಕಳಿಸತೊಡಗಿದ್ದರು. ಪಟ್ಟಣದಲ್ಲಿ ರೋಗಿ ಬಾಗಿಲಿಗೆ ಬರುತ್ತಾನೆ, ಇಲ್ಲಿ ರೋಗಿಯ ಜಗಲಿಗೆ ಹೋಗಿ ಕೂರುವುದನ್ನು ಕಲಿಯಿರಿ ಎಂಬುದು ಪಾಠ. ಹಾಗೆ ಬಂದವಳು ಚೆನ್ನೈನ ತೇನ್ಮೊಳಿ. ಹಟ್ಟಿಯಲ್ಲಿ ತಮಿಳು ಎಲ್ಲರಿಗೂ ಬರುತ್ತದೆ. ಆದರೆ ಮನಸ್ಸಿನ ನೋವು ಮನೆಮಾತಿನಲ್ಲೇ ಹೊರಬರಬೇಕು ಎಂದು ಅವಳಿಗೆ ಕಲಿಸಿದ್ದರಂತೆ. ಹಟ್ಟಿಯವರು ಬಡಗರು; ಅವರ ಬಡಗ ಮಾತಿಗೆ ಒಬ್ಬ ದುಭಾಷಿ ಬೇಕಾದ. ಮಣಿ ಇಸ್ತ್ರಿ ಅಂಗಿ ತೊಟ್ಟು ಹೋಗಿ ನಿಂತ. ರೋಗಿಗಿಂತ ದುಭಾಷಿಯೇ ಹೆಚ್ಚು ಮಾತಾಡುತ್ತಾನೆ ಎಂದು ಎರಡನೇ ದಿನವೇ ಹಟ್ಟಿ ನಕ್ಕಿತು.

ಧರ್ಮಲಿಂಗಂ ವಿಷಯದಲ್ಲಿ ಮಾತ್ರ ಯಾರೂ ನಗುತ್ತಿರಲಿಲ್ಲ. ಅವನು ಎಲೆ ಲಾರಿಯ ಡ್ರೈವರು. ಮಳೆಗಾಲದಲ್ಲಿ ಲಾರಿ ತಿರುವಿನಲ್ಲಿ ಉರುಳಿ, ಪಕ್ಕದಲ್ಲಿ ಕೂತಿದ್ದ ಗೆಳೆಯ ನಂಜ ಸತ್ತಿದ್ದ. ಧರ್ಮಲಿಂಗನ ಕಾಲು ಕೂಡಿಕೊಂಡಿತು, ಮಾತು ಕೂಡಿಕೊಳ್ಳಲಿಲ್ಲ. ಮಂಚ ಬಿಟ್ಟೇಳಲಿಲ್ಲ. ತಾಯಿ ಲಿಂಗಿ ಬಾಯಿಗಿಟ್ಟರೆ ಒಂದು ತುತ್ತು. ನಂಜನ ಹೆಂಡತಿ ಪಾಪಾತಿ ಕೂಡ ದಿನವೂ ಗಂಜಿ ತಂದು, “ಮಂಜು ಮುಸುಕಿತ್ತು ಅಣ್ಣಾ, ನಿನ್ನ ತಪ್ಪೇನಿಲ್ಲೆ” ಎಂದು ಹೇಳಿ ಹೋಗುತ್ತಿದ್ದಳು. ಅದನ್ನು ಕೇಳಿದೊಡನೆ ಅವನು ಬಾಯಲ್ಲಿದ್ದ ತುತ್ತನ್ನೂ ಉಗುಳುತ್ತಿದ್ದ. ಈಗೀಗ ನೀರಿಗೂ ಮುಖ ತಿರುಗಿಸುತ್ತಿದ್ದ.

“ಹೀಗೇ ಬಿಟ್ಟರೆ ಇವರು ಉಳಿಯೋದಿಲ್ಲ ಮಣಿ” ಎಂದಳು ತೇನ್ಮೊಳಿ. ಅವಳ ತರಬೇತಿಯಲ್ಲಿ ಇದಕ್ಕೊಂದು ದಾರಿ ಇತ್ತು. ಬೇಕಾದವರೆಲ್ಲ ಅವನ ಸುತ್ತ ಕೂತು, ಅವನಿಗೆ ಹೇಳದೆ ಉಳಿಸಿಕೊಂಡ ಒಂದೊಂದು ಮಾತನ್ನು ಹೇಳಬೇಕು. ಸಿಟ್ಟಾದರೆ ಸಿಟ್ಟು, ನೋವಾದರೆ ನೋವು. ಯಾರೂ ಯಾರನ್ನೂ ತಡೆಯಬಾರದು. ಲಿಂಗಿ, “ಏನಾದರೂ ಮಾಡವ್ವಾ, ಮಗ ಉಳಿದರೆ ಸಾಕು” ಎಂದು ಹೇಳಿ ಬೆಳಿಗ್ಗೆಯೇ ಎಲೆ ಕೀಳಲು ಹೋದಳು.

ಮನೆಯೊಳಗೆ ಕತ್ತಲು. ಬುದ್ಧಿ ಓಡಿಸಿದವನು ಮಣಿ. “ಮಂಚ ಸಮೇತ ಹುಲ್ಲಿನ ಮೇಲೆ ತಂದುಬಿಡೋಣ ಮೇಡಂ. ಒಳ್ಳೆ ಬಿಸಿಲಿದೆ.”

ತಂದರು. ಪಾಪಾತಿಯೂ ಸೇರಿ ಜನ ಸುತ್ತ ಕೂತರು.

“ಸಾದಾ ಮಾತಲ್ಲಿ ಹೇಳಿ” ಎಂದು ತೇನ್ಮೊಳಿ ಮಣಿಗೆ ಪಿಸುಗುಟ್ಟಿದಳು. ಇಷ್ಟು ಜನರ ಮುಂದೆ ಸಾದಾ ಮಾತೇ? ಹೀಗೆ ಗುಂಪಿನ ನಡುವೆ ನಿಂತು ಮಾತಾಡುವುದನ್ನು ಮಣಿ ತನ್ನ ಅಜ್ಜನ ಬಾಯಲ್ಲಿ ಮಾತ್ರ ಕೇಳಿದ್ದ. ಅದೇ ಗತ್ತಿನಲ್ಲಿ ಕೈಯೆತ್ತಿ ಕೂಗಿದ: “ಇವನ ಮೇಲಿರೋ ಭಾರವೆಲ್ಲ ಇಂದು ಇಳಿಯಲಿ! ನೋಯಿಸಿದ್ದು, ಬೈದದ್ದು, ಒಂದೂ ಉಳಿಯದೆ ಹೊರಗೆ ಬರಲಿ!”

ಪಕ್ಕದ ಮನೆಯ ಕಮಲಂ ಶುರುಮಾಡಿದಳು. “ಒಂದು ಸಲ ಎನ್ನ ಮೂಟೆ ಬೇಕಂತಲೇ ಬಿಟ್ಟು ಹೋದ. ಎಲೆ ಎಲ್ಲ ಬಾಡಿತು.”

ಮಣಿ ಅದನ್ನೇ ಎತ್ತರದ ದನಿಯಲ್ಲಿ ಕೂಗಿದ. ಹಿಂದೆ ಕೂತಿದ್ದ ಮುದುಕಿಯೊಬ್ಬಳು ಅಭ್ಯಾಸಬಲದಿಂದ, “ಅದು ಪಾಪ” ಎಂದಳು.

“ಹಿರಿಯರಿಗೆ ಎದುರಾಡಿದ” ಎಂದಿತು ಇನ್ನೊಂದು ದನಿ. ಮಣಿ ಅದನ್ನೂ ಕೂಗಿದ.

“ಅದು ಪಾಪ” ಎಂದರು ನಾಲ್ಕು ಜನ.

“ಹಾವು ಹೊಡೆದ.”

“ಅದು ಪಾಪ!” ಎಂದಿತು ಇಡೀ ಗುಂಪು.

“ಎಷ್ಟು ಚೆನ್ನಾಗಿ ಸ್ಪಂದಿಸ್ತಿದ್ದಾರೆ!” ತೇನ್ಮೊಳಿಯ ಕಣ್ಣು ಅರಳಿತು.

ಮಣಿಗೆ ಆಗ ಹೊಳೆಯಿತು. ಬಡಗರಲ್ಲಿ ಸತ್ತವರನ್ನು ಮಂಚದ ಮೇಲೆ ಬಯಲಿಗೆ ತರುತ್ತಾರೆ. ಹಿರಿಯನೊಬ್ಬ ಅವರ ಪಾಪಗಳನ್ನು ಒಂದೊಂದಾಗಿ ಕೂಗುತ್ತಾನೆ, ಸೇರಿದವರು “ಅದು ಪಾಪ” ಎನ್ನುತ್ತಾರೆ, ಅಲ್ಲಿಗೆ ಎಲ್ಲವೂ ತೀರುತ್ತದೆ. ಅಜ್ಜ ಹಾಗೆ ಕೂಗುತ್ತಿದ್ದುದು ಹೆಣಗಳ ಮುಂದೆ. ಮಂಚ, ಬಯಲು, ಜನ, ಗತ್ತು, ಒಂದನ್ನೂ ಬಿಡದೆ ಮೊಮ್ಮಗ ಒದಗಿಸಿದ್ದ.

ನಿಲ್ಲಿಸಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಲಿಂಗಿ ಎಲೆ ಚೀಲ ಹೊತ್ತು ಇಳಿಜಾರು ಹತ್ತಿ ಬಂದಳು. ಬಯಲಲ್ಲಿ ಮಗನ ಮಂಚ ಕಂಡಳು. ಚೀಲ ಉರುಳಿ ಎಲೆಯೆಲ್ಲ ಚೆಲ್ಲಿತು.

“ಹೋದನಾ! ಎನ್ನ ಮಗ ಹೋದನಾ!”

ಓಡಿ ಬಂದು ಮಂಚದ ಮೇಲೆ ಬಿದ್ದು ಎದೆ ಬಡಿದುಕೊಂಡಳು. ಆಗ ಮಂಚದಿಂದ ಒಣಕಲು ಕೈಯೊಂದು ಎದ್ದು ಅವಳ ಮಣಿಕಟ್ಟು ಹಿಡಿಯಿತು.

“ಅವ್ವೆ. ನಾ ಸತ್ತಿಲ್ಲೆ.”

ತಿಂಗಳುಗಟ್ಟಲೆ ಬಳಸದ ದನಿ, ತುಕ್ಕು ಹಿಡಿದ ಬೀಗದ ಹಾಗೆ ಕಿರುಗುಟ್ಟಿತು. ಧರ್ಮಲಿಂಗಂ ಮೊಣಕೈ ಊರಿ ತಲೆಯೆತ್ತಿದ.

“ಸಣ್ಣ ಪಾಪವೆಲ್ಲ ಹೇಳಿದಿರಿ. ದೊಡ್ಡದು ಯಾಕೆ ಹೇಳ್ತಿಲ್ಲೆ? ಅಂದು ಮಂಜಿರಲಿಲ್ಲೆ. ನಾ ಕುಡಿದಿದ್ದೆ. ಲಾರಿ ನಿಲ್ಲಿಸು, ನಿಲ್ಲಿಸು ಅಂತ ನಂಜ ಕಾಲು ಹಿಡಿದ. ನಗುತ್ತಾ ಓಡಿಸಿದೆ.”

“ಅದು ಪಾಪ” ಎಂದು ಯಾರೂ ಹೇಳಲಿಲ್ಲ. ಎಲ್ಲರ ಮುಖವೂ ಪಾಪಾತಿಯ ಕಡೆ ತಿರುಗಿತು.

“ಏನಂದ್ರು? ಮಣಿ, ಏನಂದ್ರು?” ತೇನ್ಮೊಳಿ ಅವನ ತೋಳು ಅಲುಗಿಸಿದಳು. ಮಾತು ಬಲ್ಲವನು ಕೈಸನ್ನೆಯಲ್ಲೇ, ತಾಳಿ ಎಂದ.

ಪಾಪಾತಿ ಎದ್ದು ನಿಂತಳು. ಕಮಲಂ ಅವಳ ಸೆರಗು ಹಿಡಿದು, “ತೀರಿತು ಅಂದುಬಿಡು ತಂಗೀ. ಎಲ್ಲ ಕೂಡಿದ್ದೇವಲ್ಲ” ಎಂದಳು.

“ದಿನಾ ಗಂಜಿ ತಂದು ಕೊಟ್ಟೆ ಇವನಿಗ” ಎಂದಳು ಪಾಪಾತಿ. ಕೊಸರಿ ಸೆರಗು ಬಿಡಿಸಿಕೊಂಡಳು. “ಪಾಪ ತೀರೋದು ಸತ್ತವನಿಗ ಅಕ್ಕಾ. ಇವ ಬದುಕಿದ್ದಾನೆ. ಸತ್ತಾಗ ಕರೆಯಿರಿ, ಬಂದು ಹೇಳ್ತೆ. ಅಲ್ಲಿವರೆಗ ಎದ್ದು ದುಡಿಯಲಿ.”

ಹಿಂತಿರುಗಿ ನೋಡದೆ ನಡೆದುಹೋದಳು.

ಮಣಿ ಎಲ್ಲವನ್ನೂ, ಬಡಗರ ಸಾವಿನ ಆ ಪದ್ಧತಿಯನ್ನೂ, ತಮಿಳಿನಲ್ಲಿ ಹೇಳಿದ. ತನ್ನದೆಂದು ಒಂದು ಪದವನ್ನೂ ಸೇರಿಸದೆ ಹೇಳಿದ್ದು ಅದೇ ಮೊದಲು. ತೇನ್ಮೊಳಿ ಹುಲ್ಲಿನ ಮೇಲೆ ಚೆಲ್ಲಿದ ಎಲೆಯನ್ನು ಚೀಲಕ್ಕೆ ತುಂಬತೊಡಗಿದಳು.

“ಏನು ಮಾಡಿಬಿಟ್ಟೆ ನಾನು?”

“ಮಂಚ ಹೊರಗೆ ತಂದವ ನಾನು ಮೇಡಂ.”

“ಮಂಚ ಹೊರಗೆ ತಂದರೆ ಇಲ್ಲಿ ಏನರ್ಥ ಅಂತ ನಾನು ಮೊದಲೇ ಕೇಳಬೇಕಿತ್ತು. ಕೇಳೋದೇ ನನ್ನ ಕೆಲಸ.”

ಅವಳು ಊಟಿಗೆ ಓಡಿಹೋಗುತ್ತಾಳೆ ಎಂದು ಹಟ್ಟಿ ಎಣಿಸಿತ್ತು. ಓಡಲಿಲ್ಲ. ಪ್ರತಿ ವಾರ ಬಂದು ಮೊದಲು ಪಾಪಾತಿಯ ಜಗಲಿಯಲ್ಲಿ, ಆಮೇಲೆ ಧರ್ಮಲಿಂಗನ ಬಳಿ ಕೂತಳು. ಎಲ್ಲಿ ಕೂರಬಹುದು, ಯಾವುದನ್ನು ಕೇಳಬಾರದು ಎಂದು ಮುದುಕಿಯರನ್ನು ಮುಂಚೆಯೇ ವಿಚಾರಿಸುತ್ತಿದ್ದಳು. ದುಭಾಷಿಯ ಮಾತು ಬಹಳ ಕಡಿಮೆಯಾಯಿತು.

ಆ ವರ್ಷದ ಚಳಿ ಇಳಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಶೆಡ್ಡಿನ ಮುಂದೆ ಧರ್ಮಲಿಂಗಂ ಕುಂಟುತ್ತಾ ಬಂದ. ತಲೆಯ ಮೇಲೆ ಪಾಪಾತಿಯ ಎಲೆ ಮೂಟೆ. ಅದನ್ನು ತಕ್ಕಡಿಗಿಟ್ಟು ಬದಿಗೆ ಸರಿದು ನೆಲ ನೋಡುತ್ತಾ ನಿಂತ. ಪಾಪಾತಿ ಅವನಿಂದ ದೂರದಲ್ಲಿ, ಮುಖ ಬೇರೆ ಕಡೆ ತಿರುಗಿಸಿ ನಿಂತಿದ್ದಳು.

“ತೂಗು” ಎಂದಳು ಮಣಿಗೆ.

ಮೂಟೆಯಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಮಣಿ ತೂಗಿದ. ನೀರಿಗೆಂದು ಏನೂ ಕಳೆಯಲಿಲ್ಲ.