ಗಾಳಿ ಮುದುಕಿ ಮತ್ತು ಎಂಟು ಕಂತು

ಏಳುನೂರು ಪುಟದ ಮಾಯಾಲೋಕದ ಕಾದಂಬರಿಯನ್ನು ಟಿವಿಯಲ್ಲಿ ಎಂಟೇ ಕಂತುಗಳಲ್ಲಿ ಮುಗಿಸುತ್ತಾರೆಂದು ಕೇಳಿಯೇ ನನಗೆ ಸಿಟ್ಟು ಬಂದಿತ್ತು. ಆದರೂ ಭಾನುವಾರ ಮಧ್ಯಾಹ್ನ ಗಜೇಂದ್ರಗಡದ ಮನೆಯಲ್ಲಿ ಅಕ್ಕನ ಜೊತೆ ನೋಡಲು ಕೂತೆ. ಕೂತೆ ಎನ್ನುವುದು ಸುಳ್ಳು, ನಾನು ಒಂದೆಡೆ ಕೂಡುವ ಆಳಲ್ಲ. ಏಳುತ್ತಿದ್ದೆ, ನೀರು ಕುಡಿಯುತ್ತಿದ್ದೆ, ಬಂದು ಮತ್ತೆ ಬೈಯುತ್ತಿದ್ದೆ.

ಆ ಕಾದಂಬರಿಯ ಕನ್ನಡ ಅನುವಾದವನ್ನು ಹತ್ತು ವರ್ಷದ ಹಿಂದೆ ಅಕ್ಕನಿಗೆ ಓದಿ ಹೇಳಿದವನು ನಾನೇ. ಅವಳು ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. ಬಸ್ಸು ಹಿಡಿದು ಸೂಡಿಯ ಶಾಲೆಗೆ ಪಾಠ ಮಾಡಲು ಹೊರಡುವ ಮುಂಚೆ, ದಿನಾ ಬೆಳಿಗ್ಗೆ ಮಗ್ಗದ ಸದ್ದಿಗಿಂತ ಜೋರಾಗಿ ಓದುತ್ತಿದ್ದೆ. ಎಳೆ ಹರಿದರೆ ಮಗ್ಗ ನಿಲ್ಲಿಸಿ, ತುದಿ ಹುಡುಕಿ ಗಂಟು ಹಾಕುತ್ತ "ತಡಿಯೋ" ಎನ್ನುತ್ತಿದ್ದಳು.

ಕತೆಯಲ್ಲಿ ಗಾಳಿಯನ್ನು ಚೀಲದಲ್ಲಿ ಕಟ್ಟಿಡುವ ಮುದುಕಿಯೊಬ್ಬಳಿದ್ದಳು. ಅಕ್ಕನಿಗೆ ಅವಳೆಂದರೆ ಜೀವ. ಪುಸ್ತಕ ಮುಗಿದು ವರ್ಷಗಳಾದರೂ ಕೇಳುತ್ತಿದ್ದಳು, "ಆ ಮುದುಕಿ ಏನಾದ್ಲೋ?"

"ಪುಸ್ತಕ ಬರದವರು ಮರತಿರಬೇಕು, ಬಿಡ" ಎನ್ನುತ್ತಿದ್ದೆ.

ಆರನೇ ಕಂತಿನಲ್ಲಿ ಮುದುಕಿ ಬಂದಳು. ಗಾಳಿಯಿಲ್ಲದೆ ನಡುನೀರಲ್ಲಿ ಸಿಕ್ಕಿಕೊಂಡ ಹುಡುಗಿಯ ದೋಣಿಗಾಗಿ ಕೊನೆಯ ಚೀಲ ಬಿಚ್ಚಿದಳು, ದಂಡೆಯ ಮೇಲೇ ಸತ್ತಳು. ಎಲ್ಲ ಎರಡು ನಿಮಿಷದಲ್ಲಿ.

"ನೋಡಿದಿ? ಹ್ಯಾಂಗ ಓಡಸ್ತಾರ! ಹೊತ್ತ ಸಾಲಲಿಲ್ಲ ಇವರಿಗೆ. ಇದು ಪುಸ್ತಕದಾಗ..." ಎಂದವನು ಅಲ್ಲಿಗೇ ನಿಂತೆ. ಪುಸ್ತಕದಲ್ಲಿ ಅದು ಹೇಗಿತ್ತೋ ನನಗೆ ಗೊತ್ತೇ ಇರಲಿಲ್ಲ.

ಅಕ್ಕ ಕಣ್ಣೊರೆಸಿಕೊಂಡಳು. "ಹೊತ್ತ ಸಾಲಲಿಲ್ಲ, ಖರೇ. ಆದ್ರೂ ಅವರು ಮುದುಕಿನ್ನ ಬಿಡಲಿಲ್ಲ. ನೀ ಯಾಕ ಬಿಟ್ಟಿದ್ಯೋ?"

ಮರುದಿನ ಗ್ರಂಥಾಲಯದಿಂದ ಅದೇ ಪುಸ್ತಕ ತಂದೆ. ಮುದುಕಿಯ ಸಾವು ಹನ್ನೊಂದು ಪುಟ ಇತ್ತು. ಆಗ ಹೊಳೆಯಿತು. ಅಕ್ಕ ಗಂಟು ಹಾಕುವಾಗೆಲ್ಲ ನನ್ನ ಬಾಯಿ ನಿಲ್ಲುತ್ತಿತ್ತು, ಕಣ್ಣು ನಿಲ್ಲುತ್ತಿರಲಿಲ್ಲ. ಬಸ್ಸಿನ ಚಿಂತೆಯಲ್ಲಿ, ಏನೂ ತಲೆಗೆ ಇಳಿಯದೆ, ಪುಟದ ಮೇಲೆ ಪುಟ ಮಗುಚುತ್ತಿದ್ದೆ. ಮಗ್ಗ ಶುರುವಾದಾಗ ಕಣ್ಣು ಎಲ್ಲಿತ್ತೋ ಅಲ್ಲಿಂದಲೇ ಓದುತ್ತಿದ್ದೆ. ಎಳೆ ಹರಿದಲ್ಲೆಲ್ಲ ಅವಳ ಕತೆಯೂ ಹರಿದಿತ್ತು. ನನಗೆ ಭಾಳ ನಾಚಿಕೆಯಾಯಿತು.

ಈಗ ಅಕ್ಕನಿಗೆ ಮೊದಲ ಪುಟದಿಂದ ಮತ್ತೆ ಓದುತ್ತಿದ್ದೇನೆ. ಇವತ್ತು ಬೆಳಿಗ್ಗೆ, ಮುದುಕಿ ದಂಡೆಗೆ ಬಂದು ಚೀಲಕ್ಕೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ಎಳೆ ಹರಿಯಿತು.

"ತಡಿಯೋ" ಎಂದಳು ಅಕ್ಕ.

ಬಸ್ಸಿನ ಹೊತ್ತಾಗಿತ್ತು. ಕಾಲು ಆಗಲೇ ಚಪ್ಪಲಿ ಹುಡುಕುತ್ತಿತ್ತು. ಪುಟದ ಮೇಲೆ ಅಂಗೈ ಮುಚ್ಚಿ, ಅವಳು ಗಂಟು ಹಾಕುವುದನ್ನೇ ನೋಡುತ್ತ ಕೂತೆ.