ಒಂದು ಮನೆ ಇಳಿಸಿ

ನಾನು ಹುಟ್ಟಾ ಪುಕ್ಕಲಿ. ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವಳು ವಾಪಸ್ ಬಂದು ಬೀಗ ಜಗ್ಗಿ ನೋಡುವ ಪೈಕಿ. ಅಂಥವಳಿಗೆ ಹಾರ್ಮೋನಿಯಂ ಗಂಟುಬಿದ್ದದ್ದು ಅಪ್ಪನಿಂದ. ಅಪ್ಪ ವೈಟ್‌ಫೀಲ್ಡ್ ಪಕ್ಕದ ಹೂಡಿಯಲ್ಲಿ ರಾಗಿ ಬೆಳೆಯುತ್ತಿದ್ದರು, ಊರ ನಾಟಕಗಳಿಗೆ ಪೆಟ್ಟಿಗೆ ನುಡಿಸುತ್ತಿದ್ದರು. ಅವರ ಲೆಕ್ಕದಲ್ಲಿ ಶ್ರುತಿ ಅಂದರೆ ಮನೆ. ಬಿಳಿ ಕೀಗಳನ್ನು ಒಂದರಿಂದ ಏಳರವರೆಗೆ ಎಣಿಸಬೇಕು. ಹಾಡುವವನ ಷಡ್ಜ ಎಷ್ಟನೆಯದೋ ಅದೇ ಅವನ ಮನೆ. ನಡುವೆ ಕರಿ ಕೀ ಬಂದರೆ ಒಂದೂವರೆ, ಎರಡೂವರೆ. "ಭೀಮಂದು ಒಂದ್ ಮನೆ, ಕೃಷ್ಣಂದು ಎಲ್ಡೂವರೆ, ಅಷ್ಟೇ ಕಣಮ್ಮಿ, ಅಂಗೇ ಇಡ್ಕೊ," ಅನ್ನುತ್ತಿದ್ದರು. ನಾನೂ ಹಾಗೇ ಹಿಡಿದುಕೊಂಡೆ.

ಎಂಬತ್ತರ ದಶಕದ ಶುರುವಿನಲ್ಲಿ ವೈಟ್‌ಫೀಲ್ಡ್ ರಸ್ತೆಯ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟ್ ಆದೆ. ಅಲ್ಲಿ ಕೆಲಸಗಾರರದೇ ಒಂದು ಆರ್ಕೆಸ್ಟ್ರಾ ಇತ್ತು. ಹಾಡಿನ ಜೊತೆ ಬರೀ ಸ್ವರ ಒತ್ತಿದರೆ ಸಾಲದು, ಕಾರ್ಡ್ಸ್ ಒತ್ತಬೇಕು, ಅಂದರೆ ಮೂರು ಮೂರು ಕೀ ಒಟ್ಟಿಗೆ ಹಿಡಿಯಬೇಕು ಅಂದರು. ಅಪ್ಪನ ವಿದ್ಯೆಯಲ್ಲಿ ಅದಿರಲಿಲ್ಲ. ವೈಟ್‌ಫೀಲ್ಡಿನ ಹೆಂಚಿನ ಮನೆಯಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಅಂಕಲ್ ಪಿಯಾನೋ ಹೇಳಿಕೊಡುತ್ತಿದ್ದರು. ಭಾನುವಾರ ಭಾನುವಾರ ಅವರಲ್ಲಿಗೆ ಹೋಗತೊಡಗಿದೆ.

ಅವರು ಒಂದು ರಟ್ಟಿನ ಮೇಲೆ ಗಡಿಯಾರದ ಹಾಗೆ ಚಕ್ರ ಬರೆದು ಹನ್ನೆರಡು ಇಂಗ್ಲಿಷ್ ಅಕ್ಷರ ಕೂರಿಸಿದರು. "ನೋಡಮ್ಮಾ, ಇದು ಸರ್ಕಲ್ ಆಫ್ ಫಿಫ್ತ್ಸ್. ಹಾಡು ಎಲ್ಲಿದೆ ನೋಡು. ಎಡಗಡೆ ಒಂದು ನೇಬರ್, ಬಲಗಡೆ ಒಂದು ನೇಬರ್. ಮೂರು ಕಾರ್ಡಲ್ಲಿ ಅರ್ಧ ಪ್ರಪಂಚ ಹಾಡ್ಬಹುದು," ಅಂದರು. ನಿಜವಾಗಿಯೂ ಹಾಡಬಹುದಿತ್ತು! ಹಾಡುವವರು ಶ್ರುತಿ ಬದಲಿಸಿದರೆ ಬೆರಳನ್ನು ಚಕ್ರದಲ್ಲಿ ಆ ಅಕ್ಷರಕ್ಕೆ ಸರಿಸಿದರೆ ಸಾಕು, ಹೊಸ ನೆರೆಹೊರೆ ತಾನಾಗಿ ಸಿಗುತ್ತಿತ್ತು. ನನ್ನಂಥ ಪುಕ್ಕಲಿಗೆ ಇದಕ್ಕಿಂತ ದೊಡ್ಡ ವರ ಬೇಕೆ? ಇಂಗ್ಲಿಷ್ ಅಕ್ಷರ ತಲೆಗೆ ಹತ್ತದೆ, ಅವುಗಳ ಮೇಲೆ ಅಪ್ಪನ ಲೆಕ್ಕದ ಅಂಕಿಗಳನ್ನು ಬರೆದುಕೊಂಡೆ. ಒಂದರ ಪಕ್ಕ ಐದು, ಐದರ ಪಕ್ಕ ಎರಡು, ಎರಡರ ಪಕ್ಕ ಆರು, ಆರರ ಪಕ್ಕ ಮೂರು. ಅಕ್ಕಪಕ್ಕ ಕೂತವರ ನಡುವೆ ಐದೈದು ಸ್ವರಗಳ ಅಂತರ ಅಂತ ಅಂಕಲ್ ಬಿಡಿಸಿ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ರಟ್ಟನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿ, ಅದನ್ನು ನೋಡದೆ ಒಂದು ಹಾಡನ್ನೂ ನುಡಿಸದವಳಾದೆ.

ನಮ್ಮಲ್ಲಿ ವೈರಿಂಗ್ ಕೆಲಸಕ್ಕೆ ಬಂದಿದ್ದ ಒಬ್ಬಳು ಹುಡುಗಿ ಸೊಗಸಾಗಿ ಹಾಡುತ್ತಿದ್ದಳು. ಟೆಂಪರರಿ. ಮೂರು ವರ್ಷದಿಂದ ಪ್ರತಿ ಸಲ ಕೆಲಸದ ಕಾಗದ ನವೀಕರಿಸುವಾಗಲೂ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ಆ ವರ್ಷ ಆರ್ಕೆಸ್ಟ್ರಾಗೆ ಒಬ್ಬ ಗಾಯಕಿ ಬೇಕಾಗಿ, ವೆಲ್‌ಫೇರ್ ಸಾಹೇಬರು ಆಯ್ಕೆ ಇಟ್ಟರು. ಆಯ್ಕೆಯಾದವಳನ್ನು ಕಾಯಂ ಮಾಡಿಸುವ ಮಾತೂ ಕೊಟ್ಟರು. ಆರು ಮನೆ ಶ್ರುತಿಯಲ್ಲಿ ಅವಳು ಒಂದು ಭಾವಗೀತೆಯನ್ನು ಎಷ್ಟು ಚೆನ್ನಾಗಿ ತಯಾರು ಮಾಡಿದ್ದಳೆಂದರೆ ನಮ್ಮ ಮಟ್ಟಿಗೆ ಫಲಿತಾಂಶ ಬಂದೇ ಆಗಿತ್ತು.

ಆಯ್ಕೆಯ ದಿನ ಕ್ಯಾಂಟೀನಿನಲ್ಲಿ ಮೇಜು ಸರಿಸಿ ಜಾಗ ಮಾಡಿದ್ದರು. ಮೂವರು ಸಾಹೇಬರು ಕಾಫಿ ಕುಡಿಯುತ್ತಾ ಕೂತಿದ್ದರು. ಅವಳ ಹೆಸರು ಕೂಗಿದ ಮೇಲೆ, ಹಾರ್ಮೋನಿಯಂ ಮುಂದೆ ಕೂತಿದ್ದ ನನ್ನ ಪಕ್ಕಕ್ಕೆ ಬಂದು ಬಗ್ಗಿದಳು. "ಅಕ್ಕಾ, ಬೆಳಗ್ಗೆಯಿಂದ ಗಂಟಲು ಕಟ್ಬಿಟ್ಟಿದೆ. ಒಂದು ಮನೆ ಇಳಿಸಿ, ಪ್ಲೀಸ್."

ಹೆದರುವವರ ಮೇಲೆ ಕಪ್ಪೆ ಎಸೆದಂತಾಯಿತು. ಆರರಲ್ಲಿ ಒಂದು ಕಳೆದರೆ ಐದು ಅಂತ ಒಂದನೇ ಕ್ಲಾಸಿನ ಮಗುವೂ ಹೇಳೀತು. ಆದರೆ ನಾನು ಎಣಿಸಲಿಲ್ಲ, ರಟ್ಟು ನೋಡಿದೆ. ಆರರಿಂದ ಒಂದು ಮನೆ ಹಿಂದಕ್ಕೆ ಸರಿದೆ. ಅಲ್ಲಿ ಎರಡು ಇತ್ತು. ಎರಡು ಮನೆಗೆ ಶ್ರುತಿ ಕೊಟ್ಟೆ. ಚಕ್ರದಲ್ಲಿ ಪಕ್ಕದ ಮನೆ, ಪೆಟ್ಟಿಗೆಯಲ್ಲಿ ಎಲ್ಲೋ ದೂರದ ಕೇರಿ. ಪೆಟ್ಟಿಗೆಯಲ್ಲಿ ಎರಡನೇ ಕೀ ಆರಕ್ಕಿಂತ ಕೆಳಗೂ ಒಂದಿದೆ, ಮೇಲೂ ಒಂದಿದೆ; ಕೆಳಗಿನದು ಹೆಂಗಸರ ಗಂಟಲಿಗೆ ನಿಲುಕದು. ನಾನು ಹಿಡಿದದ್ದು ಮೇಲಿನ ಎರಡು. ಅದು ಅವಳ ಮಾಮೂಲಿ ಶ್ರುತಿಗಿಂತಲೂ ಎತ್ತರ.

ಅವಳು ಒಂದು ಕ್ಷಣ ನನ್ನ ಕಡೆ ನೋಡಿದಳು. ಇಳಿಸಿದ್ದಾರೆ ಅಂತ ನಂಬಿ ಶುರು ಮಾಡಿದಳು.

ಇಳಿಸಿಲ್ಲ, ಏರಿಸಿದ್ದೇನೆ ಅಂತ ಎರಡನೇ ಸಾಲಿಗೆ ನನಗೆ ಗೊತ್ತಾಯಿತು. ಕುತ್ತಿಗೆಯ ನರ ಉಬ್ಬಿ ಬಂದಿತ್ತು ಅವಳಿಗೆ. ಪಲ್ಲವಿ ಮುಗಿದು ಚರಣ ಶುರುವಾಗುವ ಮೊದಲು ನಾನೊಬ್ಬಳೇ ನುಡಿಸುವ ಬಿಜಿಎಂ ಇತ್ತು. ಅಲ್ಲಿ ನಿಲ್ಲಿಸಿ "ತಪ್ಪು ನನ್ನದು ಸಾರ್, ಇನ್ನೊಂದ್ಸಲ" ಅನ್ನಬಹುದಿತ್ತು. ಸಾಹೇಬರು ಏನಂದಾರು, ಟೈಪಿಸ್ಟಿಗೆ ಇಷ್ಟೂ ಬರಲ್ಲವೇ ಅಂದಾರು, ಇಷ್ಟೇ ನನ್ನ ಚಿಂತೆ. ಅವಳ ಹೊಟ್ಟೆಪಾಡು ನನ್ನ ತಲೆಯಲ್ಲಿ ಆ ಹೊತ್ತು ಇರಲೇ ಇಲ್ಲ. ಸುಳ್ಳು ಯಾಕೆ ಹೇಳಲಿ. ಹಾರ್ಮೋನಿಯಂ ತಿದಿ ಒತ್ತುತ್ತಲೇ ಹೋದೆ. ಚರಣದ ತುತ್ತತುದಿಯಲ್ಲಿ ಅವಳ ಧ್ವನಿ ಒಡೆಯಿತು, ಇನ್ನೊಂದು ಸಲ ಹಿಡಿಯಲು ಹೋದಳು, ಮತ್ತೆ ಒಡೆಯಿತು. ಒಬ್ಬ ಸಾಹೇಬರು ಕಾಫಿ ಲೋಟ ಕೆಳಗಿಟ್ಟು, "ಸಾಕಮ್ಮ, ನೆಕ್ಸ್ಟ್," ಅಂದರು.

ತಪ್ಪು ನನ್ನದೆಂದು ಅವಳಿಗೆ ಅವತ್ತೇ ಹೇಳಬೇಕೆಂದುಕೊಂಡೆ, ಆಗಲಿಲ್ಲ. ಮರುದಿನ ಊಟದ ಡಬ್ಬಿ ಹಿಡಿದು ಅವಳ ಬೆಂಚಿನವರೆಗೂ ಹೋಗಿ ಉಪ್ಪಿನಕಾಯಿ ಕೊಟ್ಟು ಬಂದೆ. ಎರಡು ತಿಂಗಳು ಹೀಗೇ ಕಳೆಯಿತು. ಬೇರೊಬ್ಬಳು ಕಾಯಂ ಆದಳು. ಇವಳ ಕಾಗದ ಆ ಸಲ ನವೀಕರಣವಾಗಲಿಲ್ಲ. ಆಗಿಲ್ಲವೆಂಬ ಪತ್ರ ನನ್ನ ಟೈಪ್‌ರೈಟರಿನಿಂದಲೇ ಹೊರಟಿತು.

ಕೊನೆಯ ದಿನ ಬಸ್ ಸ್ಟಾಪಿನಲ್ಲಿ ಇಬ್ಬರೇ ನಿಂತಿದ್ದೆವು. ಅವಳೇ ನನ್ನ ಕೈ ಹಿಡಿದುಕೊಂಡಳು.

"ನೀವು ಪಾಪ ಇಳಿಸ್ಕೊಟ್ರಿ ಅಕ್ಕಾ. ಇಳಿಸಿದ್ರೂ ನಂಗೆ ಹಾಡಕ್ಕಾಗ್ಲಿಲ್ಲ ಅಂದ್ಮೇಲೆ ನನ್ನ ಗಂಟಲು ಇಷ್ಟೇ ಅಂತ ಗೊತ್ತಾಗೋಯ್ತು. ಇನ್ಮೇಲೆ ಹಾಡಲ್ಲ."

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಬಾಯಿ ತೆರೆದೆ.

"ನಿನ್ನ ಬಸ್ ಬಂತು ನೋಡು," ಅಂದೆ.